‘ಪಾರಸಿಕರು’ ನಾಟಕದ ತಾಯಿ

ಗ್ರೀಕ್ ರುದ್ರನಾಟಕಗಳ ಮಾತು ಬಂದಾಗ ನಮ್ಮವರಿಗೆ ಮೊದಲು ನೆನಪಾಗುವವನು ಈಡಿಪಸ್. ಆಮೇಲೆ ಆಂಟಿಗೊನೆ, ಆಗಮೆಮ್ನಾನ್. ಈಸ್ಕಿಲಸನ ‘ಪಾರಸಿಕರು’ ಯಾರ ನಾಲಗೆಯ ಮೇಲೂ ಅಷ್ಟಾಗಿ ಸುಳಿಯುವುದಿಲ್ಲ. ಇದು ಸೋಜಿಗದ ಸಂಗತಿ. ಇಡಿಯಾಗಿ ಉಳಿದು ಬಂದಿರುವ ಗ್ರೀಕ್ ನಾಟಕಗಳಲ್ಲೆಲ್ಲ ಇದೇ ಹಳೆಯದೆಂದು ವಿದ್ವಾಂಸರ ಮತ. ಕ್ರಿ.ಪೂ. ೪೭೨ರಲ್ಲಿ ಅಥೆನ್ಸಿನ ಡಯೊನೀಸಸ್ ಉತ್ಸವದಲ್ಲಿ ಇದನ್ನು ಆಡಿದರು. ಮೊದಲ ಬಹುಮಾನ ಬಂದಿತು. ಮೇಳದ ವೆಚ್ಚವನ್ನು ವಹಿಸಿಕೊಂಡಿದ್ದವನು ಆಗಿನ್ನೂ ತರುಣನಾಗಿದ್ದ ಪೆರಿಕ್ಲೀಸ್. ಕನ್ನಡಕ್ಕೂ ಈ ನಾಟಕ ಹೊಸದಲ್ಲ. ಬಿ. ಎಂ. ಶ್ರೀಕಂಠಯ್ಯನವರು ೧೯೩೫ರಲ್ಲಿಯೇ ಇದನ್ನು ‘ಪಾರಸಿಕರು’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಆದರೂ ಅವರ ‘ಅಶ್ವತ್ಥಾಮನ್’ ಕುರಿತು ನಡೆದಷ್ಟು ಚರ್ಚೆ ಇದನ್ನು ಕುರಿತು ನಡೆದದ್ದನ್ನು ನಾನು ಕಾಣೆ.

ಕಾರಣವನ್ನು ಊಹಿಸುವುದು ಕಷ್ಟವಲ್ಲ. ಈ ನಾಟಕದಲ್ಲಿ ಏನೂ ನಡೆಯುವುದಿಲ್ಲ ಎಂಬುದು ಹಳೆಯ ಆಕ್ಷೇಪಣೆ. ಪಾರಸಿಕರ ರಾಜಧಾನಿ ಸೂಸಾದಲ್ಲಿ ಮುದುಕರ ಮೇಳವೊಂದು ಯುದ್ಧದ ಸುದ್ದಿಗಾಗಿ ಕಾದಿರುತ್ತದೆ. ರಾಜಮಾತೆ ಬಂದು ತನ್ನ ಕೆಟ್ಟ ಕನಸನ್ನು ಹೇಳಿಕೊಳ್ಳುತ್ತಾಳೆ. ದೂತ ಬಂದು ಸೋಲನ್ನು ತಿಳಿಸುತ್ತಾನೆ. ಸತ್ತ ದೊರೆ ಡೇರಿಯಸನ ಪ್ರೇತ ಎದ್ದು ಬುದ್ಧಿ ಹೇಳಿ ಮರೆಯಾಗುತ್ತದೆ. ಕೊನೆಗೆ ಸೋತ ಮಗ ಜರ್ಕ್ಸೀಸ್ ಹರಕು ಬಟ್ಟೆಯಲ್ಲಿ ಬರುತ್ತಾನೆ, ಎಲ್ಲರೂ ಅಳುತ್ತಾರೆ. ಇಷ್ಟೇ ಕಥೆ. ಸಂಘರ್ಷವೆಲ್ಲಿ, ಕ್ರಿಯೆಯೆಲ್ಲಿ ಎಂದು ವಿಮರ್ಶಕರು ಕೇಳಿದ್ದರೆ ಆಶ್ಚರ್ಯವಿಲ್ಲ.

ನಾನೂ ಒಂದು ಕಾಲದಲ್ಲಿ ಹಾಗೆಯೇ ಕೇಳಿದವನು. ಕಾಲೇಜಿನ ದಿನಗಳಲ್ಲಿ ಇದನ್ನು ಓದಿ, ಇದು ನಾಟಕವಲ್ಲ, ದೊಡ್ಡದೊಂದು ಶೋಕಗೀತೆ ಎಂದು ತೀರ್ಪುಕೊಟ್ಟು ಕಪಾಟಿನಲ್ಲಿಟ್ಟಿದ್ದೆ. ಎರಡನೆಯ ಬಾರಿ ಓದಿದ್ದು ೧೯೯೯ರ ಜೂನ್ ತಿಂಗಳಿನಲ್ಲಿ. ಆಗ ಕಾರ್ಗಿಲಿನಲ್ಲಿ ಯುದ್ಧ ನಡೆಯುತ್ತಿತ್ತು. ನನ್ನ ಮಗ ಸೈನ್ಯದಲ್ಲಿದ್ದ. ಆ ಓದಿನಲ್ಲಿ ನನಗೆ ಹೊಳೆದದ್ದನ್ನು ಹೇಳುವುದೇ ಈ ಲೇಖನದ ಉದ್ದೇಶ. ಸ್ವಂತದ ಮಾತು ಸ್ವಲ್ಪ ಹೆಚ್ಚಾಗಿ ಬಂದರೆ ಓದುಗರು ಮನ್ನಿಸಬೇಕು. ನಾಟಕದ ಬೆಲೆ ನನ್ನ ಅನುಭವದಿಂದ ಹೆಚ್ಚುವುದಿಲ್ಲವೆಂಬುದು ನನಗೂ ಗೊತ್ತು. ಆದರೆ ಆ ಅನುಭವವಿಲ್ಲದಿದ್ದರೆ ಅದರ ಕಟ್ಟು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ನನಗೆ ತೋರಿದ್ದು ಇದು: ದೂರದ ಯುದ್ಧಕ್ಕೆ ಹೋದ ಮಕ್ಕಳ ಬಗೆಗೆ ಮನೆಯಲ್ಲಿ ಉಳಿದವರು ಪಡುವ ಆತಂಕವೇ ಈ ನಾಟಕದ ವಸ್ತು. ಆತಂಕದ ನಾಟಕದಲ್ಲಿ ಕ್ರಿಯೆ ಎಂದರೆ ಕಾಯುವುದು, ಕೇಳುವುದು, ಕೇಳಲು ಅಂಜುವುದು. ಇವು ಮೂರೂ ಇಲ್ಲಿ ಬೇಕಾದಷ್ಟಿವೆ.

ಚರಿತ್ರೆಯ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ಕ್ರಿ.ಪೂ. ೪೮೦ರಲ್ಲಿ ಪಾರಸಿಕರ ದೊರೆ ಜರ್ಕ್ಸೀಸ್ ಮಹಾಸೈನ್ಯವನ್ನು ಕಟ್ಟಿಕೊಂಡು, ಹೆಲೆಸ್ಪಾಂಟ್ ಜಲಸಂಧಿಗೆ ದೋಣಿಗಳ ಸೇತುವೆ ಹಾಕಿಸಿ, ಗ್ರೀಸಿನ ಮೇಲೆ ಏರಿಹೋದ. ಅಥೆನ್ಸನ್ನು ಸುಟ್ಟ. ಆದರೆ ಸಲಾಮಿಸ್ ದ್ವೀಪದ ಬಳಿಯ ಇಕ್ಕಟ್ಟಾದ ನೀರಿನಲ್ಲಿ ಅವನ ನೌಕಾಬಲ ನುಚ್ಚುನೂರಾಯಿತು. ಈಸ್ಕಿಲಸ್ ಇದನ್ನು ಪುಸ್ತಕದಲ್ಲಿ ಓದಿ ಬರೆದವನಲ್ಲ. ಹತ್ತು ವರ್ಷ ಮೊದಲು, ೪೯೦ರಲ್ಲಿ, ಮ್ಯಾರಥಾನಿನಲ್ಲಿ ಇದೇ ಪಾರಸಿಕರ ವಿರುದ್ಧ ಕತ್ತಿ ಹಿಡಿದಿದ್ದವನು. ಅವನ ಸೋದರ ಕಿನೆಗೈರಸ್ ಆ ಯುದ್ಧದಲ್ಲಿ ಮಡಿದಿದ್ದ. ಸಲಾಮಿಸಿನ ಯುದ್ಧವಾಗಿ ಎಂಟೇ ವರ್ಷಕ್ಕೆ, ಗೆದ್ದ ಊರಿನ ರಂಗದ ಮೇಲೆ, ಗೆದ್ದವರ ಮುಂದೆ, ಸೋತವರ ತಾಯಿಯನ್ನು ಅವನು ತಂದು ನಿಲ್ಲಿಸಿದ. ನಾಟಕದಲ್ಲಿ ಐವತ್ತಕ್ಕೆ ಹತ್ತಿರದಷ್ಟು ಪಾರಸಿಕರ ಹೆಸರುಗಳು ಬರುತ್ತವೆ. ಗೆದ್ದ ಗ್ರೀಕ್ ವೀರರ ಪೈಕಿ ಒಬ್ಬನ ಹೆಸರೂ ಇಲ್ಲ. ಜಯಕ್ಕೆ ಕಾರಣನಾದ ಥೆಮಿಸ್ಟೋಕ್ಲೀಸನ ಹೆಸರು ಸಹ ಇಲ್ಲ.

ದೂರದ ಮಾತನ್ನು ಇಲ್ಲಿ ಮರೆಯಬಾರದು. ಸಾರ್ಡಿಸಿನಿಂದ ಸೂಸಾಕ್ಕೆ ಹೋಗುವ ರಾಜಮಾರ್ಗ ತೊಂಬತ್ತು ದಿನದ ನಡೆ ಎಂದು ಹೆರೊಡೋಟಸ್ ಲೆಕ್ಕ ಕೊಡುತ್ತಾನೆ. ಸಾರ್ಡಿಸಿನಿಂದ ಗ್ರೀಸಿಗೆ ಇನ್ನೂ ಸಮುದ್ರ ದಾಟಬೇಕು. ಕುದುರೆಯ ಟಪ್ಪಾಲಿನವರು ಒಬ್ಬರಿಂದೊಬ್ಬರಿಗೆ ಓಲೆ ದಾಟಿಸುತ್ತ ಎಷ್ಟೇ ವೇಗವಾಗಿ ಬಂದರೂ, ಇಂದು ಕೇಳಿದ ಸುದ್ದಿ ಇಂದಿನದಲ್ಲ. ಅಥೆನ್ಸ್ ಕೈವಶವಾಯಿತೆಂಬ ಮೊದಲ ಓಲೆ ಬಂದಾಗ ಸೂಸಾದ ಜನ ಬೀದಿಗಳಲ್ಲಿ ಹಸಿರು ಚೆಲ್ಲಿ ಧೂಪ ಹಾಕಿ ಹಬ್ಬ ಮಾಡಿದರಂತೆ. ಅದರ ಬೆನ್ನಿಗೇ ಎರಡನೆಯ ಓಲೆ ಬಂತು. ಜನ ಬಟ್ಟೆ ಹರಿದುಕೊಂಡು ಗೋಳಾಡಿದರು. ಹೋದ ಹಡಗುಗಳಿಗಾಗಿ ಅಷ್ಟಲ್ಲ, ದೊರೆಯ ಜೀವಕ್ಕೇನಾಯಿತೋ ಎಂಬ ಭಯಕ್ಕಾಗಿ ಎಂದು ಹೆರೊಡೋಟಸ್ ಸೇರಿಸುತ್ತಾನೆ.

ಈಸ್ಕಿಲಸನಿಗಿಂತ ಮೊದಲೇ ಫ್ರಿನಿಕಸ್ ಎಂಬ ಕವಿ ಇದೇ ವಸ್ತುವನ್ನು ಎತ್ತಿಕೊಂಡು ‘ಫಿನೀಷಿಯದ ಹೆಂಗಸರು’ ಎಂಬ ನಾಟಕ ಬರೆದಿದ್ದ. ಅದು ಈಗ ಉಳಿದಿಲ್ಲ. ಆದರೆ ಅದರ ಆರಂಭ ಹೇಗಿತ್ತೆಂಬುದು ತಿಳಿದುಬಂದಿದೆ: ಅರಮನೆಯ ಸೇವಕನೊಬ್ಬ ಮಂತ್ರಿಗಳಿಗೆ ಆಸನಗಳನ್ನು ಅಣಿಮಾಡುತ್ತ ಜರ್ಕ್ಸೀಸನ ಸೋಲನ್ನು ಮೊದಲೇ ಹೇಳಿಬಿಡುತ್ತಾನೆ. ಈಸ್ಕಿಲಸ್ ಆ ಸುದ್ದಿಯನ್ನು ಅಲ್ಲಿಂದ ಎತ್ತಿ ಮುಂದಕ್ಕೆ ತಳ್ಳಿದ. ಸಾವಿರಕ್ಕೆ ಸ್ವಲ್ಪ ಮೇಲ್ಪಟ್ಟ ಸಾಲುಗಳಿರುವ ಅವನ ನಾಟಕದಲ್ಲಿ ದೂತ ಬರುವುದು ಸುಮಾರು ೨೫೦ನೆಯ ಸಾಲಿಗೆ. ಎಂದರೆ ನಾಟಕದ ಕಾಲುಭಾಗ ಬರಿಯ ಕಾಯುವಿಕೆ. ಅವನ ಕೌಶಲವೆಲ್ಲ ಈ ಒಂದು ಬದಲಾವಣೆಯಲ್ಲಿದೆ ಎಂದು ನನ್ನ ಅಭಿಪ್ರಾಯ. ಅಥೆನ್ಸಿನ ಪ್ರೇಕ್ಷಕರೆಲ್ಲರಿಗೂ ಫಲಿತಾಂಶ ಗೊತ್ತಿತ್ತು. ಗೊತ್ತಿಲ್ಲದವರು ರಂಗದ ಮೇಲಿರುವವರು ಮಾತ್ರ. ನಮಗೆ ಗೊತ್ತಿರುವ ಸಾವನ್ನು ಇನ್ನೂ ಅರಿಯದೆ ಒಬ್ಬಳು ತಾಯಿ ದೇವರಿಗೆ ಹರಕೆ ಹೊರುವುದನ್ನು ನೋಡುವುದಕ್ಕಿಂತ ಕರುಣಾಜನಕವಾದದ್ದು ಯಾವುದಿದೆ?

ಮೇಳದ ಮೊದಲ ಹಾಡನ್ನೇ ನೋಡಿ. ಮುದುಕರು ಹೋದವರ ಹೆಸರುಗಳನ್ನು ಸಾಲಾಗಿ ಎಣಿಸುತ್ತಾರೆ: ಕುದುರೆಯ ಮೇಲೆ ಮೆರೆದವನು ಇವನು, ಬಿಲ್ಲಿನಲ್ಲಿ ನಿಪುಣ ಅವನು, ಈಜಿಪ್ಟಿನಿಂದ ಬಂದವನು ಇನ್ನೊಬ್ಬ. ಮೊದಲ ಓದಿಗೆ ಇದು ಸೈನ್ಯದ ವೈಭವದ ವರ್ಣನೆ. ಆದರೆ ವರ್ಣನೆ ಮುಗಿಯುವ ಹೊತ್ತಿಗೆ ಅವರ ದನಿ ಕುಗ್ಗುತ್ತದೆ. ಹೆತ್ತವರೂ ಹೆಂಡಿರೂ ದಿನಗಳನ್ನು ಎಣಿಸುತ್ತ, ಕಾಲ ಉದ್ದವಾದಂತೆ ನಡುಗುತ್ತಿದ್ದಾರೆಂಬ ಮಾತು ಬರುತ್ತದೆ. ಹೆಸರು ಹೇಳುವುದು ಹೊಗಳಿಕೆಯಲ್ಲ, ಹರಕೆ ಎಂದು ಆಗ ತಿಳಿಯುತ್ತದೆ. ಬಾಯಲ್ಲಿ ಹೆಸರು ಇರುವವರೆಗೆ ಹುಡುಗ ಇದ್ದಾನೆ ಎಂಬ ಭಾವ.

ಆಮೇಲೆ ರಾಣಿ ಬರುತ್ತಾಳೆ. ನಾಟಕದ ಮಾತುಗಳಲ್ಲಿ ಅವಳ ಹೆಸರಿಲ್ಲ. ಇತಿಹಾಸದಲ್ಲಿ ಅವಳು ಅಟೋಸ, ಡೇರಿಯಸನ ಹೆಂಡತಿ, ಜರ್ಕ್ಸೀಸನ ತಾಯಿ. ಮಗ ಸೈನ್ಯ ಕಟ್ಟಿಕೊಂಡು ಹೋದಂದಿನಿಂದ ಅವಳಿಗೆ ರಾತ್ರಿಯೆಲ್ಲ ಕನಸು. ಹಿಂದಿನ ರಾತ್ರಿಯ ಕನಸು ಬಹಳ ಸ್ಪಷ್ಟ: ಇಬ್ಬರು ಹೆಂಗಸರನ್ನು ಮಗ ರಥಕ್ಕೆ ಹೂಡುತ್ತಾನೆ, ಒಬ್ಬಳು ನೊಗಕ್ಕೆ ಒಗ್ಗುತ್ತಾಳೆ, ಇನ್ನೊಬ್ಬಳು ನೊಗವನ್ನು ಮುರಿಯುತ್ತಾಳೆ, ಮಗ ಬೀಳುತ್ತಾನೆ, ಸತ್ತ ಅಪ್ಪ ಪಕ್ಕದಲ್ಲಿ ನಿಂತು ಮರುಗುತ್ತಾನೆ. ಬೆಳಗ್ಗೆ ಪೂಜೆಗೆ ಹೋದರೆ ಅಲ್ಲಿ ಡೇಗೆಯೊಂದು ಹದ್ದಿನ ತಲೆಯನ್ನು ಕುಕ್ಕುತ್ತಿರುವ ಅಪಶಕುನ. ಇದೆಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಅವಳು ಒಂದು ಪ್ರಶ್ನೆ ಕೇಳುತ್ತಾಳೆ: ಈ ಅಥೆನ್ಸ್ ಎಂಬ ಊರು ಭೂಮಿಯ ಯಾವ ಮೂಲೆಯಲ್ಲಿದೆ?

ಈ ಪ್ರಶ್ನೆಯನ್ನು ಅಸಂಭವವೆಂದು ತಳ್ಳಿಹಾಕಿದವರುಂಟು. ಗಂಡನ ಸೈನ್ಯ ಹತ್ತು ವರ್ಷದ ಹಿಂದೆ ಮ್ಯಾರಥಾನಿನಲ್ಲಿ ಸೋತಿತ್ತು, ರಾಣಿಗೆ ಅಥೆನ್ಸ್ ಎಲ್ಲಿದೆಯೆಂದು ಗೊತ್ತಿಲ್ಲವೆ? ಅಥೆನ್ಸಿನ ಹೊಗಳಿಕೆಯನ್ನು ತುರುಕುವುದಕ್ಕೆ ಕವಿ ಮಾಡಿದ ಉಪಾಯವಿದು ಎನ್ನುತ್ತಾರೆ. ಉಪಾಯವೆಂಬುದು ನಿಜವಿರಬಹುದು. ಆದರೆ ಅಸಂಭವವೆಂಬುದನ್ನು ನಾನು ಒಪ್ಪಲಾರೆ. ಮೈಸೂರಿನಲ್ಲಿ ಕುಳಿತ ನನಗೆ ಕಾಶ್ಮೀರದ ಹೆಸರು ಗೊತ್ತಿರಲಿಲ್ಲವೆ? ಆದರೆ ದ್ರಾಸ್ ಎಲ್ಲಿದೆ, ಬಟಾಲಿಕ್ ಎಲ್ಲಿದೆ ಎಂದು ನಾನು ನಕ್ಷೆ ತೆರೆದು ಹುಡುಕಿದ್ದು ಆ ವರ್ಷವೇ. ಮನೆಯಲ್ಲಿದ್ದ ಶಾಲೆಯ ಅಟ್ಲಾಸಿನಲ್ಲಿ ಕಾರ್ಗಿಲ್ ಇತ್ತು, ಬಟಾಲಿಕ್ ಇರಲಿಲ್ಲ. ಮಗನ ಪತ್ರದ ವಿಳಾಸದಲ್ಲಿ ಊರಿನ ಹೆಸರೇ ಇರುತ್ತಿರಲಿಲ್ಲ, ೫೬ ಎ.ಪಿ.ಓ. ಎಂಬ ಅಂಚೆಯ ಗುರುತು ಮಾತ್ರ. ದ್ರಾಸಿನಲ್ಲಿದ್ದರೂ ಅದೇ, ಜೋಧಪುರದಲ್ಲಿದ್ದರೂ ಅದೇ. ಎರಡೂವರೆ ಸಾವಿರ ಕಿಲೋಮೀಟರಿನ ಆಚೆ ಅವನು ಎಲ್ಲಿ ಮಲಗಿದ್ದಾನೆಂದು ತಿಳಿಯದೆ, ಪತ್ರಿಕೆಯಲ್ಲಿ ಬಂದ ಬೆಟ್ಟದ ಹೆಸರುಗಳನ್ನೆಲ್ಲ ಅವನ ವಿಳಾಸವೆಂದೇ ಭಾವಿಸಿಕೊಂಡೆವು. ಮಗ ಹೋಗುವವರೆಗೆ ಊರು ಬರಿಯ ಹೆಸರು. ಹೋದ ಮೇಲೆ ಅದು ಎಲ್ಲಿದೆ ಎಂಬುದು ಪ್ರಶ್ನೆ. ರಾಣಿಯ ಮಾತಿನಲ್ಲಿ ಈ ಸಹಜತೆಯಿದೆ.

ಅವಳ ಪ್ರಶ್ನೆಗಳು ಮುಂದುವರಿಯುತ್ತವೆ. ಅವರ ಸೈನ್ಯ ಎಷ್ಟು, ಐಶ್ವರ್ಯ ಎಷ್ಟು, ಒಡೆಯ ಯಾರು? ಅವರು ಯಾರ ಆಳುಗಳೂ ಅಲ್ಲವೆಂದು ಮೇಳ ಉತ್ತರಿಸುತ್ತದೆ. ಹಾಗಾದರೆ ನಮ್ಮವರನ್ನು ಎದುರಿಸುವುದು ಹೇಗೆ ಎನ್ನುತ್ತಾಳೆ. ಡೇರಿಯಸನ ದೊಡ್ಡ ಸೈನ್ಯವನ್ನೇ ಅವರು ಹಾಳುಮಾಡಲಿಲ್ಲವೆ ಎಂದು ಮೇಳ ನೆನಪಿಸುತ್ತದೆ. ಆಗ ಅವಳು ಹೇಳುವ ಮಾತಿನ ತಾತ್ಪರ್ಯ ಇಷ್ಟೆ: ಹೋದವರ ಹೆತ್ತವರು ನೆನೆಯಲು ಭಯಂಕರವಾದ ಮಾತು ಇದು. ಇಲ್ಲಿಯವರೆಗೆ ಅವಳು ನನ್ನ ಮಗ ಎಂದಷ್ಟೇ ಆಡಿದವಳು. ಈ ಒಂದು ಸಾಲಿನಲ್ಲಿ ಮಾತ್ರ ಹೆತ್ತವರೆಲ್ಲರ ಜೊತೆಗೆ ತನ್ನನ್ನೂ ಸೇರಿಸಿಕೊಳ್ಳುತ್ತಾಳೆ. ಕವಿ ಎಷ್ಟು ಎಚ್ಚರಿಕೆಯವನೆಂದರೆ, ಇದಾದ ಕೂಡಲೇ ದೂತ ಓಡಿಬರುತ್ತಾನೆ.

ದೂತ ಬಂದವನೇ ಕೊನೆಯನ್ನು ಮೊದಲು ಹೇಳುತ್ತಾನೆ. ಒಂದೇ ಏಟಿಗೆ ಸೈನ್ಯವೆಲ್ಲ ಹಾಳಾಯಿತು. ಹೇಗೆ ಎಂಬುದು ಆಮೇಲೆ. ನಮ್ಮ ಮಹಾಭಾರತವನ್ನು ಬಲ್ಲವರಿಗೆ ಈ ಕ್ರಮ ಹೊಸದಲ್ಲ. ಹತ್ತು ದಿನದ ಯುದ್ಧವಾದ ಮೇಲೆ ಸಂಜಯ ರಣರಂಗದಿಂದ ಬಂದು, ಭೀಷ್ಮ ಬಿದ್ದನೆಂಬುದನ್ನು ಧೃತರಾಷ್ಟ್ರನಿಗೆ ಮೊದಲು ಹೇಳುತ್ತಾನೆ. ಹತ್ತು ದಿನದ ಕಥೆ ಆಮೇಲೆ. ದ್ರೋಣ, ಕರ್ಣ, ಶಲ್ಯರ ವಿಷಯದಲ್ಲೂ ಹಾಗೆಯೇ. ಒಬ್ಬರನ್ನೊಬ್ಬರು ಅರಿಯದ ಎರಡು ದೇಶಗಳ ಕಾವ್ಯಗಳು ಇದೊಂದರಲ್ಲಿ ಕೂಡಿದ್ದೇಕೆ? ಮನೆಯಲ್ಲಿ ಕಾದು ಕುಳಿತವರಿಗೆ ಯುದ್ಧದ ಕಥೆಯೆಲ್ಲ ಎರಡನೆಯದು. ಇದ್ದಾನೆಯೇ ಇಲ್ಲವೇ ಎಂಬುದು ಮೊದಲನೆಯದು. ಅದನ್ನು ತಿಳಿಸದೆ ವ್ಯೂಹದ ವರ್ಣನೆಗೆ ಹೊರಟ ದೂತ ಕ್ರೂರಿಯಾಗುತ್ತಾನೆ.

ಸುದ್ದಿ ಕೇಳಿ ಮೇಳ ಗೋಳಾಡುತ್ತದೆ. ರಾಣಿ ಮಾತ್ರ ಸುಮ್ಮನಿರುತ್ತಾಳೆ. ಬಹಳ ಹೊತ್ತು ಸುಮ್ಮನಿರುತ್ತಾಳೆ. ಆಮೇಲೆ, ಕೇಳುವುದಕ್ಕೂ ಆಡುವುದಕ್ಕೂ ಮೀರಿದ ದುಃಖದಿಂದ ತಾನು ಮೂಕಳಾದೆನೆಂದು ಹೇಳಿ, ದೂತನಿಗೆ ಎಲ್ಲವನ್ನೂ ವಿವರಿಸೆಂದು ಅಪ್ಪಣೆ ಮಾಡುತ್ತಾಳೆ. ನಾಯಕರಲ್ಲಿ ಸಾಯದೆ ಉಳಿದವರು ಯಾರು, ನಾವು ಯಾರಿಗಾಗಿ ಅಳಬೇಕು ಎಂದು ಕೇಳುತ್ತಾಳೆ. ನಾಟಕದ ಮರ್ಮ ಈ ಪ್ರಶ್ನೆಯ ರೀತಿಯಲ್ಲಿದೆ. ಮಗ ಇದ್ದಾನೆಯೇ ಎಂದು ಕೇಳಲು ಅವಳಿಗೆ ನಾಲಗೆ ಏಳದು. ಇಲ್ಲ ಎಂಬ ಉತ್ತರವನ್ನು ನೇರವಾಗಿ ಎದುರಿಸಲಾರಳು. ಆದ್ದರಿಂದ ಪ್ರಶ್ನೆಗೆ ರಾಜಕಾರ್ಯದ ಮುಸುಕು ಹಾಕುತ್ತಾಳೆ. ದೂತ ಜಾಣ, ಮುಸುಕಿನೊಳಗಿನ ಮುಖವನ್ನು ಗುರುತಿಸುತ್ತಾನೆ. ಯಾರ ಹೆಸರನ್ನೂ ಎತ್ತುವ ಮೊದಲು, ಜರ್ಕ್ಸೀಸ್ ಬದುಕಿದ್ದಾನೆಂದು ಹೇಳುತ್ತಾನೆ. ಕೇಳಿದ ಕೂಡಲೇ ರಾಣಿ ತನ್ನ ಮನೆಗೆ ಬೆಳಕು ಬಂತೆಂದು, ಕರಿಯ ಇರುಳು ಕಳೆದು ಬಿಳಿಯ ಹಗಲಾಯಿತೆಂದು ಸಂತೋಷಪಡುತ್ತಾಳೆ.

ಒಂದು ಸಾಮ್ರಾಜ್ಯದ ಯುವಕರೆಲ್ಲ ಸತ್ತ ಸುದ್ದಿ ಕೇಳಿ ಇನ್ನೂ ಎರಡು ಗಳಿಗೆಯಾಗಿಲ್ಲ!

ಈ ಸ್ಥಳಕ್ಕೆ ಬಂದಾಗ ನಾನು ಪುಸ್ತಕವನ್ನು ಮುಚ್ಚಿದೆ. ಅದಕ್ಕೆ ಒಂದು ವಾರದ ಹಿಂದೆ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿದರೆ ಕಾರಣ ತಿಳಿದೀತು. ಬೆಳಗ್ಗೆ ಪತ್ರಿಕೆ ತೆರೆದರೆ, ಮಡಿದ ಯೋಧರ ಹೆಸರುಗಳಲ್ಲಿ ನನ್ನ ಮಗನ ಹೆಸರಿತ್ತು. ಕೈ ನಡುಗಿತು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಹೆಸರು ಅದೇ, ಊರು ಬೇರೆ, ರೆಜಿಮೆಂಟು ಬೇರೆ. ಅವನಲ್ಲ. “ಅಬ್ಬಾ, ಬದುಕಿದೆವು!” ಎಂದು ಗಟ್ಟಿಯಾಗಿಯೇ ಅಂದೆ. ಅಡಿಗೆಮನೆಯಿಂದ ನನ್ನ ಹೆಂಡತಿ ಬಂದಳು. ವಿಷಯ ತಿಳಿದು ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ, “ಆ ಹೆಸರಿಟ್ಟು ತೊಟ್ಟಿಲು ತೂಗಿದವಳು ಇನ್ನೊಬ್ಬಳು ಇದ್ದಾಳಲ್ಲಾಂದ್ರೆ” ಎಂದಳು. ಅಷ್ಟೇ. ಆ ದಿನ ನಮ್ಮ ಮನೆಯಲ್ಲಿ ಸರಿಯಾಗಿ ಊಟವಾಗಲಿಲ್ಲ. ಬದುಕಿದೆವು ಎಂದು ಅಂದದ್ದಕ್ಕೆ ನಾಚಿಕೆ. ಅನ್ನದೆ ಇರಲೂ ಆಗುತ್ತಿರಲಿಲ್ಲವೆಂಬ ಸತ್ಯ. ಎರಡು ಸಾವಿರದ ನಾನೂರು ವರ್ಷಕ್ಕೂ ಹಿಂದೆ ಒಬ್ಬ ಕವಿ ಇದೇ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟಿದ್ದನೆಂದು ತಿಳಿದಾಗ ನನಗಾದದ್ದು ಸಮಾಧಾನವೋ ಅಪಮಾನವೋ ಹೇಳಲಾರೆ.

ಕವಿ ರಾಣಿಯನ್ನು ನಿಂದಿಸುವುದಿಲ್ಲ. ಆದರೆ ಬಿಟ್ಟುಬಿಡುವುದೂ ಇಲ್ಲ. ಅವಳ ಸಂತೋಷದ ಮಾತು ಮುಗಿದ ಮರುಸಾಲಿನಿಂದಲೇ ದೂತ ಸತ್ತವರ ಪಟ್ಟಿ ಓದಲು ತೊಡಗುತ್ತಾನೆ. ಹತ್ತು ಸಾವಿರ ಕುದುರೆಯ ಒಡೆಯ ಅರ್ಟೆಂಬರೀಸ್ ಬಂಡೆಗೆ ಬಡಿಬಡಿದು ಹೋದ. ಇನ್ನೊಬ್ಬನ ಗಡ್ಡ ರಕ್ತದಲ್ಲಿ ಬಣ್ಣ ತಿರುಗಿತು. ಚೆಲುವ ಥಾರಿಬಿಸ್ ಸತ್ತು ಬಿದ್ದಿದ್ದಾನೆ. ಸುಮಾರು ಇಪ್ಪತ್ತು ಹೆಸರು. ಬೆಳಕು ಬಂದದ್ದು ಒಂದು ಮನೆಗೆ. ಕತ್ತಲೆ ಎಷ್ಟು ಮನೆಗೆ ಎಂಬ ಲೆಕ್ಕ ಅದರ ಬೆನ್ನಿಗೇ ಬರುತ್ತದೆ. ಟೀಕೆಯಿಲ್ಲ, ಉಪದೇಶವಿಲ್ಲ, ಎರಡು ಮಾತನ್ನು ಒಂದರ ಪಕ್ಕ ಒಂದು ಇಟ್ಟದ್ದೇ ತೀರ್ಪು. ಔಚಿತ್ಯವೆಂದು ನಮ್ಮ ಆಲಂಕಾರಿಕರು ಹೇಳಿದ್ದು ಇದನ್ನೇ ಇರಬೇಕು.

ರಾಣಿಯ ಆತಂಕ ಸಾಮಾನ್ಯ ತಾಯಿಯ ಆತಂಕವಲ್ಲ ಎಂಬ ಮಾತನ್ನೂ ಇಲ್ಲಿಯೇ ಆಡಬೇಕು. ಕನಸು ಹೇಳುವಾಗಲೇ ಅವಳು ಒಂದು ಮಾತು ಹೇಳಿರುತ್ತಾಳೆ: ಮಗ ಗೆದ್ದರೆ ಕೀರ್ತಿ, ಸೋತರೆ ಅವನನ್ನು ಕೇಳುವವರಿಲ್ಲ, ಬದುಕಿ ಬಂದರೆ ದೊರೆ ದೊರೆಯೇ. ಅವಳ ದುಃಖಕ್ಕೆ ಇಂಥದೊಂದು ಆಸರೆಯಿದೆ. ಉಳಿದ ಹೆತ್ತವರಿಗೆ ಏನಿತ್ತು? ಹೆರೊಡೋಟಸ್ ಹೇಳುವ ಕಥೆಯೊಂದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಪಿಥಿಯಸ್ ಎಂಬ ಲಿಡಿಯದ ಮುದುಕ ಭಾರಿ ಸಿರಿವಂತ. ದಂಡೆತ್ತಿ ಬಂದ ಜರ್ಕ್ಸೀಸನ ಸೈನ್ಯಕ್ಕೆಲ್ಲ ಊಟ ಹಾಕಿ, ಯುದ್ಧದ ವೆಚ್ಚಕ್ಕೆ ತನ್ನ ಹಣವನ್ನೆಲ್ಲ ಒಪ್ಪಿಸಲು ಮುಂದಾದ. ಅವನ ಬಳಿಯಿದ್ದ ಚಿನ್ನದ ನಾಣ್ಯ ನಾಲ್ವತ್ತು ಲಕ್ಷಕ್ಕೆ ಏಳು ಸಾವಿರ ಕಡಮೆ. ದೊರೆ ಮೆಚ್ಚಿ, ಆ ಏಳು ಸಾವಿರವನ್ನು ತಾನೇ ತುಂಬಿಕೊಟ್ಟು ಸ್ನೇಹಿತನೆಂದು ಕರೆದ. ಆಮೇಲೆ ಅಪಶಕುನವಾಯಿತು, ಮುದುಕ ಅಂಜಿದ. ಐವರು ಮಕ್ಕಳೂ ಸೈನ್ಯದಲ್ಲಿದ್ದಾರೆ, ಹಿರಿಯನೊಬ್ಬನನ್ನು ಮುಪ್ಪಿನ ಆಸರೆಗೆ ಬಿಟ್ಟುಕೊಡಬೇಕೆಂದು ಬೇಡಿದ. ದೊರೆ ಸಿಟ್ಟಾಗಿ ಆ ಹಿರಿಯ ಮಗನನ್ನೇ ಎರಡು ತುಂಡು ಮಾಡಿಸಿ, ದಾರಿಯ ಎರಡು ಬದಿಯಲ್ಲಿ ಇಡಿಸಿದ. ಸೈನ್ಯ ನಡುವೆ ಹಾದುಹೋಯಿತು.

ಅಪ್ಪ ಡೇರಿಯಸನೂ ಇದಕ್ಕೆ ಹೊರತಲ್ಲ. ಸಿಥಿಯನ್ನರ ಮೇಲೆ ಅವನು ದಂಡೆತ್ತಿ ಹೋಗುವಾಗ ಓಯೊಬಾಜಸ್ ಎಂಬವನು ತನ್ನ ಮೂವರು ಮಕ್ಕಳಲ್ಲಿ ಒಬ್ಬನನ್ನು ಬಿಟ್ಟುಹೋಗಲು ಬೇಡಿದ. ಮೂವರನ್ನೂ ಬಿಟ್ಟುಹೋಗುತ್ತೇನೆಂದು ದೊರೆ ಮಾತುಕೊಟ್ಟ, ಕೊಂದು ಬಿಟ್ಟುಹೋದ. ಈಸ್ಕಿಲಸನ ನಾಟಕದಲ್ಲಿ ಇದೇ ಡೇರಿಯಸ್ ವಿವೇಕಿಯಾದ ತಂದೆಯಾಗಿ ಗೋರಿಯಿಂದೆದ್ದು, ಮಗನ ಉದ್ಧಟತನವನ್ನು ಖಂಡಿಸುತ್ತಾನೆ. ಇತಿಹಾಸದ ದೃಷ್ಟಿಯಿಂದ ಇದು ಅರ್ಧಸತ್ಯ. ಈ ಕಥೆಗಳು ಹೆರೊಡೋಟಸನ ಕಾಲದ ಗ್ರೀಕರ ಬಾಯಲ್ಲಿ ಬೆಳೆದವೂ ಇರಬಹುದು. ಆದರೆ ಅವುಗಳ ತಿರುಳು ಸುಳ್ಳಲ್ಲ: ಯುದ್ಧದ ಕಾಲದಲ್ಲಿ ಮಗನ ಬಗೆಗೆ ಆತಂಕಪಡುವ ಹಕ್ಕು ಸಹ ಎಲ್ಲರಿಗೂ ಒಂದೇ ಸಮನಾಗಿರುವುದಿಲ್ಲ. ರಾಣಿ ಅತ್ತರೆ ಅದು ನಾಟಕ. ಪಿಥಿಯಸ್ ಅತ್ತರೆ ರಾಜದ್ರೋಹ.

ಬಟ್ಟೆಯ ವಿಷಯ ಇನ್ನೊಂದು. ಮಗ ಹರಕು ಬಟ್ಟೆಯಲ್ಲಿ ಬರುತ್ತಿದ್ದಾನೆ, ಒಳ್ಳೆಯ ಉಡುಪು ತೆಗೆದುಕೊಂಡು ಹೋಗಿ ಎದುರುಗೊಂಡು ಸಮಾಧಾನ ಹೇಳು ಎಂದು ಡೇರಿಯಸನ ಪ್ರೇತ ರಾಣಿಗೆ ಹೇಳಿ ಮರೆಯಾಗುತ್ತದೆ. ಆಗ ಅವಳು, ಎಲ್ಲ ದುಃಖಗಳಲ್ಲಿ ತನ್ನನ್ನು ಹೆಚ್ಚಾಗಿ ಕಚ್ಚುತ್ತಿರುವುದು ಮಗನ ಮೈಮೇಲಿನ ಬಟ್ಟೆಯ ದುರವಸ್ಥೆ ಎನ್ನುತ್ತಾಳೆ. ಸಾಮ್ರಾಜ್ಯ ಮುಳುಗಿದಾಗ ಬಟ್ಟೆಯ ಚಿಂತೆಯೇ ಎಂದು ನಗುವವರು ನಗುತ್ತಾರೆ. ಹೆತ್ತವರಾರೂ ನಗಲಾರರೆಂದು ನಾನು ತಿಳಿದಿದ್ದೇನೆ. ಯುದ್ಧದ ವಿಷಯದಲ್ಲಿ ನಾವು ಮಾಡಬಹುದಾದದ್ದು ಏನೂ ಇಲ್ಲದಿದ್ದಾಗ, ನಮ್ಮ ಕೈಗೆಟುಕುವುದು ಬಟ್ಟೆ, ಹಾಸಿಗೆ, ಊಟ ಇವೇ. ಆ ಮಳೆಗಾಲದಲ್ಲಿ ನನ್ನ ಹೆಂಡತಿ ಕುಳಿತು ಒಂದು ಉಣ್ಣೆಯ ಸ್ವೆಟರನ್ನು ಹೆಣೆದು ಮುಗಿಸಿದಳು. ಹದಿನಾರು ಹದಿನೇಳು ಸಾವಿರ ಅಡಿ ಎತ್ತರದ ಹಿಮದಲ್ಲಿ ಅದು ಯಾವ ಮೂಲೆಗೆ ಎಂದು ಅವಳಿಗೂ ಗೊತ್ತಿತ್ತು. ಆದರೂ ಹೆಣೆದಳು. ಆದರೆ ಇಲ್ಲಿ ರಾಣಿಯ ಪಕ್ಷವನ್ನು ಪೂರ್ತಿಯಾಗಿ ವಹಿಸುವುದೂ ಸಲ್ಲದು. ಮಗನ ಹರಕನ್ನು ಮುಚ್ಚಲು ಅವಳಿಗೆ ಅರಮನೆಯಲ್ಲಿ ಬಟ್ಟೆಯಿದೆ. ಸಲಾಮಿಸಿನ ನೀರಿನಲ್ಲಿ ತೇಲುತ್ತಿರುವ ಹೆಣಗಳಿಗೆ ಬಟ್ಟೆ ಹಿಡಿದು ಹೋಗುವ ತಾಯಿ ಯಾರು?

ಈ ಪ್ರಶ್ನೆಗೆ ಕವಿ ಕೊಟ್ಟ ಉತ್ತರ ನಾಟಕದ ಕೊನೆಯಲ್ಲಿದೆ ಎಂದು ನನ್ನ ಊಹೆ. ರಾಣಿ ಬಟ್ಟೆ ತರಲು ಒಳಗೆ ಹೋಗುತ್ತಾಳೆ. ಮತ್ತೆ ಬರುವುದೇ ಇಲ್ಲ. ಮಗ ಬರುತ್ತಾನೆ, ತಾಯಿ ಇಲ್ಲ. ನಾಟಕವಿಡೀ ಕಾದದ್ದು ಈ ಭೇಟಿಗಾಗಿ, ಅದೇ ನಡೆಯದು. ಇದನ್ನು ರಚನೆಯ ದೋಷವೆಂದು ಹಲವರು ಎಣಿಸಿದ್ದಾರೆ. ಆ ಕಾಲದಲ್ಲಿ ಮೇಳವನ್ನು ಬಿಟ್ಟರೆ ನಟರು ಇಬ್ಬರೇ ಇದ್ದರು ಎಂಬುದು ನಿಜ. ಆದರೆ ತಾಯಿಗೊಬ್ಬ, ಮಗನಿಗೊಬ್ಬ, ಇಬ್ಬರು ಸಾಕಿತ್ತಲ್ಲ! ಭೇಟಿಯನ್ನು ತೋರಿಸದೆ ಬಿಟ್ಟದ್ದು ಕವಿಯ ಆಯ್ಕೆ. ತಾಯಿಯ ಬದಲು ಮಗನನ್ನು ಎದುರುಗೊಳ್ಳುವವರು ಮೇಳದ ಮುದುಕರು. ಅವರು ಸಮಾಧಾನ ಹೇಳುವುದಿಲ್ಲ. ಇವನೆಲ್ಲಿ, ಅವನೆಲ್ಲಿ ಎಂದು ಒಂದೊಂದೇ ಹೆಸರು ಹಿಡಿದು ಕೇಳುತ್ತಾರೆ. ಅರ್ಟೆಂಬರೀಸ್, ಅರಿಯೊಮಾರ್ಡಸ್, ಥಾರಿಬಿಸ್ – ಈ ಹೆಸರುಗಳು ನಾಟಕದಲ್ಲಿ ಮೂರು ಸಲ ಬರುತ್ತವೆ. ಮೊದಲ ಸಲ ಹೆಮ್ಮೆಯಾಗಿ, ಎರಡನೆಯ ಸಲ ಸಾವಿನ ಪಟ್ಟಿಯಾಗಿ, ಮೂರನೆಯ ಸಲ ದೊರೆಯ ಮುಖಕ್ಕೆ ಹಿಡಿದ ಪ್ರಶ್ನೆಯಾಗಿ. ಕೇಳುವವರಿಲ್ಲ ಎಂದು ತಾಯಿ ನಂಬಿದ್ದಳು, ಕೇಳುವವರು ಹುಟ್ಟಿಕೊಂಡರು. ಉಳಿದ ಹೆತ್ತವರಿಗೆ ಇಲ್ಲದ ಭೇಟಿಯನ್ನು ರಾಣಿಗೊ‌ಬ್ಬಳಿಗೆ ರಂಗದ ಮೇಲೆ ಕೊಡಲು ಕವಿಗೆ ಮನಸ್ಸು ಬರಲಿಲ್ಲ ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ.

ನಮ್ಮ ರನ್ನನ ‘ಗದಾಯುದ್ಧ’ವನ್ನು ಇಲ್ಲಿ ನೆನೆಯದಿರಲಾಗದು. ಎರಡಕ್ಕೂ ಕೈಯಿಟ್ಟವರು ಒಬ್ಬರೇ. ‘ಗದಾಯುದ್ಧ’ವನ್ನು ನಾಟಕವಾಗಿಸಿದವರೂ ಬಿ.ಎಂ.ಶ್ರೀ.ಯವರೇ. ರನ್ನನಲ್ಲಿ ಧೃತರಾಷ್ಟ್ರ ಗಾಂಧಾರಿಯರು ದೂರದ ಅರಮನೆಯಲ್ಲಿ ಕುಳಿತಿರುವುದಿಲ್ಲ. ಉಳಿದ ಒಬ್ಬ ಮಗನನ್ನಾದರೂ ಉಳಿಸಿಕೊಳ್ಳುವ ಆಸೆಯಿಂದ ದುರ್ಯೋಧನನ ಬಳಿಗೇ ಬಂದು, ಸಂಧಿ ಮಾಡಿಕೋ ಎಂದು ಅಂಗಲಾಚುತ್ತಾರೆ. ಮಗ ಒಪ್ಪುವುದಿಲ್ಲ. ಅಲ್ಲಿ ಭೇಟಿಯಿದೆ, ಫಲವಿಲ್ಲ; ಇಲ್ಲಿ ಮಗ ಉಳಿದಿದ್ದಾನೆ, ಭೇಟಿಯಿಲ್ಲ. ರನ್ನನ ದುರ್ಯೋಧನನಿಗೆ ಸತ್ತವರ ನಡುವೆ ನಡೆದು ಬಂದ ಅನುಭವವಿದೆ. ತಮ್ಮ ದುಶ್ಶಾಸನ, ಮಗ ಲಕ್ಷಣಕುಮಾರ, ಗೆಳೆಯ ಕರ್ಣ ಇವರ ಕಳೇಬರಗಳ ಮುಂದೆ ನಿಂತು ಅತ್ತು ಬಂದವನು ಅವನು. ಆದ್ದರಿಂದಲೇ ಅವನ ಛಲಕ್ಕೆ ಒಂದು ಘನತೆ ಬರುತ್ತದೆ. ತಾನೊಬ್ಬನೇ ಉಳಿದು ಮನೆಗೆ ಹೋಗುವುದು ಅವನಿಗೆ ನಾಚಿಕೆ. ಜರ್ಕ್ಸೀಸನಿಗೆ ಆ ನಾಚಿಕೆಯನ್ನು ಕಲಿಸಬೇಕಾದವರು ಮುದುಕರು.

ಕೊನೆಯದಾಗಿ ಒಂದು ಆಕ್ಷೇಪಣೆ. ಗೆದ್ದವನು ಸೋತವನ ತಾಯಿಯನ್ನು ಅಳಿಸಿ ತೋರಿಸುವುದು ಕರುಣೆಯೇ, ಕುಹಕವೇ? ಎಡ್ವರ್ಡ್ ಸೈದ್ ತಮ್ಮ ೧೯೭೮ರ ‘ಓರಿಯೆಂಟಲಿಸಂ’ನಲ್ಲಿ ಈ ನಾಟಕವನ್ನೇ ಎತ್ತಿಕೊಂಡು, ಏಷ್ಯದ ಬಾಯಲ್ಲಿ ಯೂರೋಪು ತನ್ನ ಮಾತನ್ನು ಆಡಿಸುವ ಚಾಳಿ ಇಲ್ಲಿಂದಲೇ ಕಾಣುತ್ತದೆಂದು ವಾದಿಸಿದರು. ಆ ವಾದದಲ್ಲಿ ಹುರುಳಿದೆ. ಅಡ್ಡಬೀಳುವ ಪಾರಸಿಕರು, ಗೋಳಿಡುವ ಪಾರಸಿಕರು ಅಥೆನ್ಸಿನವರ ಕಣ್ಣಿಗೆ ಹಬ್ಬವಾಗಿದ್ದಿರಬೇಕು. ಆದರೆ ಇನ್ನೊಂದು ಸಂಗತಿಯೂ ಉಂಟು. ಪಾರಸಿಕರ ಕೈಗೆ ಸಿಕ್ಕಿ ಹಾಳಾದ ಮಿಲೆಟಸ್ ಎಂಬ ನೆಂಟರೂರಿನ ಕಥೆಯನ್ನು ಫ್ರಿನಿಕಸ್ ಹಿಂದೊಮ್ಮೆ ನಾಟಕ ಮಾಡಿದಾಗ ಅಥೆನ್ಸಿನ ಜನ ಬಿಕ್ಕಿಬಿಕ್ಕಿ ಅತ್ತರು. ತಮ್ಮ ದುಃಖವನ್ನು ನೆನಪಿಸಿದ ತಪ್ಪಿಗೆ ಅವನಿಗೆ ಸಾವಿರ ದ್ರಾಕ್ಮ ದಂಡ ಹಾಕಿದರು. ಸ್ವಂತದ ದುಃಖವನ್ನು ರಂಗದ ಮೇಲೆ ನೋಡಲಾರದ ಜನರ ಮುಂದೆ ಈಸ್ಕಿಲಸ್ ಶತ್ರುವಿನ ದುಃಖವನ್ನು ಇಟ್ಟ. ಆ ಬಯಲಿನಲ್ಲಿ ಕುಳಿತವರಲ್ಲಿ ಸಲಾಮಿಸಿನಲ್ಲಿಯೋ ಪ್ಲಟೀಯದಲ್ಲಿಯೋ ಮಗನನ್ನು ಕಳೆದುಕೊಂಡ ಅಪ್ಪಂದಿರು ಇದ್ದೇ ಇದ್ದರು. ಪಾರಸಿಕರ ಹೆಸರಿನ ಮರೆಯಲ್ಲಿ ಅವರು ತಮ್ಮ ಮಕ್ಕಳ ಹೆಸರನ್ನು ಕೇಳಿಸಿಕೊಂಡಿರಲಾರರೆ? ನನಗಂತೂ ಹಾಗೆ ತೋರುತ್ತದೆ.

ಕಾರ್ಗಿಲ್ ಯುದ್ಧ ೧೯೯೯ರ ಜುಲೈ ೨೬ಕ್ಕೆ ಮುಗಿಯಿತು. ನಮ್ಮ ಕಡೆ ಮಡಿದವರು ೫೨೭ ಮಂದಿ ಎಂಬುದು ಸರ್ಕಾರದ ಲೆಕ್ಕ. ನನ್ನ ಮಗ ಬಂದ. ಬಂದ ದಿನ ಸ್ವೆಟರು ಕೈಗೆ ಕೊಟ್ಟರೆ, ಮೈಸೂರಿನ ಸೆಕೆಯಲ್ಲಿ ಅದನ್ನು ತೊಟ್ಟುಕೊಂಡು ಅಮ್ಮನ ಮುಂದೆ ಕುಳಿತ. ಅದಾದ ಮೇಲೆ ಒಂದು ಸಂಜೆ ‘ಪಾರಸಿಕರು’ ನಾಟಕವನ್ನು ಮನೆಯವಳಿಗೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಅವಳು ರಾಣಿಯನ್ನು ತಪ್ಪೆನ್ನಲಿಲ್ಲ. ಎಲ್ಲ ಮುಗಿದ ಮೇಲೆ, “ಆ ಉಳಿದ ಹೆಸರಿನವರ ತಾಯಂದಿರು ಒಬ್ಬರಾದರೂ ಬರುವುದೇ ಇಲ್ಲವೇ?” ಎಂದು ಕೇಳಿದಳು. ಇಲ್ಲ, ಅವರ ಪರವಾಗಿ ಮುದುಕರು ಕೇಳುತ್ತಾರೆ ಎಂದೆ.

ನಮ್ಮ ಹವ್ಯಾಸಿ ನಾಟಕ ತಂಡಗಳು ಈಡಿಪಸನನ್ನು ಎಷ್ಟೋ ಸಲ ಆಡಿವೆ. ಒಮ್ಮೆ ಇದನ್ನೂ ಆಡಿ ನೋಡಲಿ. ಹೆಚ್ಚು ಸಜ್ಜಿಕೆ ಬೇಡ. ಇಬ್ಬರು ಒಳ್ಳೆಯ ನಟರೂ, ಹೆಸರುಗಳನ್ನು ತಡವರಿಸದೆ, ಒಂದನ್ನೂ ಬಿಡದೆ ಹೇಳಬಲ್ಲ ಹನ್ನೆರಡು ಮಂದಿಯ ಮೇಳವೂ ಇದ್ದರೆ ಸಾಕು.